ಜರ್ಮನಿಯ ಕಚೇರಿ ಕೆಲಸಕ್ಕೆ ಜಮಖಂಡಿಯಲ್ಲೇ ಆಗಬೇಕಾದ ತಯಾರಿ

ಪ್ರತಿ ವರ್ಷ ರಜೆಗೆ ಜಮಖಂಡಿಗೆ ಬಂದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಒಂದೆರಡು ಸಂಜೆಯಾದರೂ ಇದೇ ಮಾತಿನಲ್ಲಿ ಕಳೆಯುತ್ತವೆ. ಮುಧೋಳ, ರಬಕವಿ, ಅಥಣಿಗಳಿಂದ, ಒಮ್ಮೊಮ್ಮೆ ವಿಜಯಪುರದಿಂದಲೂ ಇಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು ತಂದೆ ತಾಯಿಯನ್ನು ಕರೆದುಕೊಂಡು ಬಂದು ಜರ್ಮನಿಯ ಬಗ್ಗೆ ವಿಚಾರಿಸುತ್ತಾರೆ. ಚಳಿ ಎಷ್ಟಿರುತ್ತದೆ, ಜೋಳದ ಹಿಟ್ಟು ಸಿಗುತ್ತದೆಯೇ, ಭಾಷೆ ಎಷ್ಟು ದಿನಕ್ಕೆ ಬರುತ್ತದೆ ಎಂದೆಲ್ಲ ಕೇಳುತ್ತಾರೆಯೇ ಹೊರತು, ಅಲ್ಲಿ ಇಳಿದ ಮೇಲೆ ಸರ್ಕಾರಿ ಕಚೇರಿಗಳಲ್ಲಿ ಪರದೇಶದವರಾಗಿ ಹೇಗೆ ಕೆಲಸ ಮಾಡಿಸಿಕೊಳ್ಳಬೇಕು ಎಂದು ಕೇಳಿದವರು ತೀರ ಕಡಿಮೆ. ಆದರೆ ಮೊದಲ ಆರು ತಿಂಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಚಳಿಯಲ್ಲ, ಕಾಗದ. ಆ ಕಾಗದಗಳಲ್ಲಿ ಅರ್ಧದಷ್ಟನ್ನು ಸರಿಪಡಿಸುವ ಜಾಗ ಜರ್ಮನಿಯಲ್ಲಿಲ್ಲ; ಅದು ನಮ್ಮ ನಗರಸಭೆ, ನಾಡಕಚೇರಿ ಮತ್ತು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿದೆ.

ಮೊದಲು ಎರಡೂ ಕಡೆಯ ಕಚೇರಿಗಳ ಸ್ವಭಾವದ ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ನಮ್ಮಲ್ಲಿ ಕೆಲಸ ನಿಂತರೆ ನಾವು ಎದುರಿಗೆ ಹೋಗಿ ನಿಲ್ಲುತ್ತೇವೆ. “ಸಾಹೇಬ್ರ, ಮೂರ ಸಲ ಬಂದ ಹೋಗೇನ್ರಿ, ಸ್ವಲ್ಪ ನೋಡ್ರಿ” ಎಂದು ಹೇಳಿಕೊಳ್ಳುತ್ತೇವೆ. ಗುರುತಿನವರಿಂದ ಒಂದು ಫೋನ್ ಮಾಡಿಸುತ್ತೇವೆ. ಅವರೂ ಮುಖ ನೋಡಿ, ಊರು ಕೇಳಿ, ಯಾರ ಮಗ ಎಂದು ವಿಚಾರಿಸಿ ಏನಾದರೂ ದಾರಿ ಹುಡುಕುತ್ತಾರೆ. ಜರ್ಮನಿಯ ಕಚೇರಿಯಲ್ಲಿ ಮುಖಕ್ಕೆ ಈ ಬೆಲೆ ಇಲ್ಲ. ಅಲ್ಲಿಯವರು ಕಲ್ಲು ಮನಸ್ಸಿನವರೆಂದು ಇದರ ಅರ್ಥವಲ್ಲ. ಕಡತದಲ್ಲಿ ಕಾಗದ ಇದ್ದರೆ ಮಾತ್ರ ಅವರ ಕೈ ಓಡುತ್ತದೆ, ಇಲ್ಲದಿದ್ದರೆ ಕನಿಕರವಿದ್ದರೂ ಓಡುವುದಿಲ್ಲ. ಮುಂಚಿತವಾಗಿ ಪಡೆದ ಭೇಟಿಯ ಸಮಯವನ್ನು ಅಲ್ಲಿ ಟೆರ್ಮೀನ್ ಎನ್ನುತ್ತಾರೆ. ಅದಿಲ್ಲದೆ ಹೋದರೆ ಬಹಳಷ್ಟು ಕಚೇರಿಗಳಲ್ಲಿ ಒಳಗೇ ಬಿಡುವುದಿಲ್ಲ. ಅವರ ಕಚೇರಿಗಳು ನಮ್ಮವಕ್ಕಿಂತ ಚುರುಕು ಎಂಬ ಭ್ರಮೆಯೂ ಬೇಡ. ದೊಡ್ಡ ಊರುಗಳಲ್ಲಿ, ಪರದೇಶದವರಿಗೆ ನಿವಾಸದ ಪರವಾನಗಿ ಕೊಡುವ ವಿದೇಶಿಯರ ಕಚೇರಿಯ ಒಂದು ಟೆರ್ಮೀನ್‌ಗಾಗಿ ತಿಂಗಳುಗಟ್ಟಲೆ ಕಾಯುವುದು ಸಾಮಾನ್ಯ ಸಂಗತಿ.

ಊರು ಬಿಡುವ ಮುನ್ನ

ಎಲ್ಲಕ್ಕಿಂತ ಮೊದಲು ಹೆಸರು. ನಮ್ಮ ಭಾಗದವರಿಗೆ ಅಡ್ಡಹೆಸರು ಇರುವುದು ಒಂದು ಅನುಕೂಲವೇ. ಏಕೆಂದರೆ ಜರ್ಮನಿಯ ಪ್ರತಿಯೊಂದು ಅರ್ಜಿಯೂ ಮನೆತನದ ಹೆಸರು ಮತ್ತು ಸ್ವಂತ ಹೆಸರುಗಳನ್ನು ಬೇರೆ ಬೇರೆಯಾಗಿ ಕೇಳುತ್ತದೆ. ತೊಂದರೆ ಇರುವುದು ಬೇರೆ ಕಡೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲಿಗೆ ಬಂದಿರುತ್ತದೆ, ಪದವಿ ಪ್ರಮಾಣಪತ್ರದಲ್ಲಿ ಕೊನೆಗೆ. ಒಂದರಲ್ಲಿ ತಂದೆಯ ಹೆಸರು ಪೂರ್ತಿಯಾಗಿರುತ್ತದೆ, ಇನ್ನೊಂದರಲ್ಲಿ ಬರೀ ಮೊದಲಕ್ಷರ. ಬಸವರಾಜ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ‘ವಿ’ ಇದ್ದರೆ ಮತ್ತೊಂದು ಕಡೆ ‘ಡಬ್ಲ್ಯು’ ಇರುತ್ತದೆ. “ಈ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬನೇ” ಎಂದು ಛಾಪಾ ಕಾಗದದ ಮೇಲೆ ನೋಟರಿಯಿಂದ ಮಾಡಿಸುವ ಅಫಿಡವಿಟ್ ಇಲ್ಲಿ ನಡೆದುಹೋಗುತ್ತದೆ, ಆದರೆ ಅದನ್ನು ಅಲ್ಲಿಯ ಅಧಿಕಾರಿ ಒಪ್ಪಲೇಬೇಕೆಂದಿಲ್ಲ. ಪಾಸ್‌ಪೋರ್ಟನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಉಳಿದ ದಾಖಲೆಗಳಲ್ಲಿ ಯಾವುದು ಅದಕ್ಕೆ ಹೊಂದುವುದಿಲ್ಲವೋ ಆ ದಾಖಲೆಯನ್ನೇ ತಿದ್ದಿಸಿಕೊಳ್ಳುವುದು ಹೆಚ್ಚು ತಾಪತ್ರಯದ ಕೆಲಸವಾದರೂ ಒಮ್ಮೆ ಮಾಡಿದರೆ ಜೀವನಪರ್ಯಂತ ಬಾಳುತ್ತದೆ.

ಪಾಸ್‌ಪೋರ್ಟಿನ ಅವಧಿಯನ್ನೂ ಈಗಲೇ ನೋಡಿಕೊಳ್ಳಬೇಕು. ಪಾಸ್‌ಪೋರ್ಟ್ ಮುಗಿಯುವ ದಿನಕ್ಕಿಂತ ಮುಂದಕ್ಕೆ ನಿವಾಸದ ಪರವಾನಗಿ ಸಿಗುವುದಿಲ್ಲ. ಒಂದೂವರೆ ವರ್ಷದ ಅವಧಿ ಉಳಿದಿರುವ ಪಾಸ್‌ಪೋರ್ಟ್ ಹಿಡಿದು ಹೋದರೆ ಎರಡು ವರ್ಷದ ಓದಿಗೂ ಒಂದೂವರೆ ವರ್ಷದ ಪರವಾನಗಿಯೇ ಗತಿ. ಅನಂತರ ಭಾರತದ ರಾಯಭಾರ ಕಚೇರಿಗೊಮ್ಮೆ, ಜರ್ಮನಿಯ ಕಚೇರಿಗೊಮ್ಮೆ ಎಂದು ಎರಡೆರಡು ತಿರುಗಾಟ. ಬೆಳಗಾವಿಯ ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿರುವಾಗ ಈ ಕೆಲಸವನ್ನು ಇಲ್ಲಿಯೇ ಮುಗಿಸುವುದು ಲೇಸು.

ಜನನ ಪ್ರಮಾಣಪತ್ರದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕಾಗಿದೆ. ಒಂಟಿಯಾಗಿ ಓದಲು ಹೋಗುವವರಿಗೆ ಇದರ ಅಗತ್ಯ ಮೊದಲಿಗೆ ಕಾಣದೇ ಇರಬಹುದು, ಆದರೆ ಅಲ್ಲಿ ಮದುವೆಯಾದರೆ ಅಥವಾ ಮಗು ಹುಟ್ಟಿದರೆ ಎಲ್ಲವೂ ಇದರ ಮೇಲೆಯೇ ನಿಲ್ಲುತ್ತದೆ. ಹಳೆಯ ಕೈಬರಹದ, ಬರೀ ಕನ್ನಡದ ಪ್ರಮಾಣಪತ್ರ ನಿಮ್ಮಲ್ಲಿದ್ದರೆ ಅದನ್ನು ಬಿಟ್ಟು, ಇ-ಜನ್ಮ ವ್ಯವಸ್ಥೆಯ ಮೂಲಕ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುವ ಪ್ರತಿಯನ್ನು ತೆಗೆಸಿಕೊಳ್ಳಿ. ಜರ್ಮನಿಯ ಕಚೇರಿಗಳು ಅಲ್ಲಿಯ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಅನುವಾದಕರ ಅನುವಾದವನ್ನೇ ಕೇಳುತ್ತವೆ. ಇಂಗ್ಲಿಷಿನಿಂದ ಜರ್ಮನ್‌ಗೆ ಅನುವಾದಿಸುವವರು ಪ್ರತಿ ಊರಿನಲ್ಲಿದ್ದಾರೆ, ಕನ್ನಡದಿಂದ ಅನುವಾದಿಸುವವರನ್ನು ದೀಪ ಹಿಡಿದು ಹುಡುಕಬೇಕು.

ಈಗ ನನ್ನದೇ ಕಥೆ. ನಾನು ಹುಟ್ಟಿದಾಗ ಜಮಖಂಡಿ ಬಿಜಾಪುರ ಜಿಲ್ಲೆಯಲ್ಲಿತ್ತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು, ನಾವು ಅದಕ್ಕೆ ಸೇರಿದೆವು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾವಿಯ ಇಂಗ್ಲಿಷ್ ಹೆಸರೂ ಬದಲಾಯಿತು. ನಮಗೆ ಇದರಲ್ಲಿ ಗೊಂದಲವೇನೂ ಇಲ್ಲ. ಇಂದಿಗೂ ನಮ್ಮ ಅವ್ವ ಬಿಜಾಪುರ ಎಂದೇ ಅನ್ನುತ್ತಾಳೆ. ಆದರೆ ಜರ್ಮನಿಯಲ್ಲಿ ನಮಗೆ ಮಗಳು ಹುಟ್ಟಿ, ಒಂದು ವಾರದೊಳಗೆ ಆಕೆಯ ಜನನವನ್ನು ತಿಳಿಸಬೇಕೆಂಬ ನಿಯಮದಂತೆ ನಾಗರಿಕ ನೋಂದಣಿ ಕಚೇರಿಗೆ ಹೋದಾಗ, ಅಲ್ಲಿಯ ಅಧಿಕಾರಿ ಬಾಯಿ ನಮ್ಮ ಮೂರು ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡಳು. ಪಾಸ್‌ಪೋರ್ಟಿನಲ್ಲಿ ನನ್ನ ಜನ್ಮಸ್ಥಳ ಜಮಖಂಡಿ, ಬಿಜಾಪುರ. ಜನನ ಪ್ರಮಾಣಪತ್ರದಲ್ಲಿ ಬಾಗಲಕೋಟೆ ಜಿಲ್ಲೆ. ಮದುವೆಯ ಪ್ರಮಾಣಪತ್ರದಲ್ಲಿ ನೋಂದಣಿಯಾದ ಊರು ವಿಜಯಪುರ. ಆಕೆ ಪೆನ್ಸಿಲಿನಿಂದ ಮೂರೂ ಹೆಸರುಗಳ ಸುತ್ತ ಮೆಲ್ಲಗೆ ಒಂದೊಂದು ವೃತ್ತ ಎಳೆದು ನನ್ನ ಕಡೆ ನೋಡಿದಳು. ನಾನು ಒಂದು ಹಾಳೆಯ ಹಿಂಬದಿಯಲ್ಲಿ ಕೃಷ್ಣೆಯನ್ನೂ ಘಟಪ್ರಭೆಯನ್ನೂ ಬರೆದು, ಜಿಲ್ಲೆಯ ಗಡಿಯನ್ನು ಗೀಟು ಹಾಕಿ ತೋರಿಸಿ, ಹತ್ತು ನಿಮಿಷ ಇತಿಹಾಸ ಹೇಳಿದೆ. ಆಕೆ ಪೂರ್ತಿಯಾಗಿ ಕೇಳಿದಳು, ನಕ್ಕಳು, ಅನಂತರ ಒಂದೇ ಮಾತು ಕೇಳಿದಳು: “ಇದನ್ನು ಹೇಳುವ ಕಾಗದ ಏನಾದರೂ ಇದೆಯೇ?”

ಇರಲಿಲ್ಲ. ಜಮಖಂಡಿಯಲ್ಲಿರುವ ನಮ್ಮ ಕಾಕಾ ಜಿಲ್ಲೆಯ ರಚನೆಯ ಮತ್ತು ಊರಿನ ಹೆಸರು ಬದಲಾವಣೆಯ ಸರ್ಕಾರಿ ಅಧಿಸೂಚನೆಗಳ ದೃಢೀಕೃತ ಪ್ರತಿ ತೆಗೆಸಿ ಕಳುಹಿಸುವವರೆಗೆ, ಅವುಗಳ ಅನುವಾದವಾಗುವವರೆಗೆ, ಮಗಳಿಗೆ ಜನನ ಪ್ರಮಾಣಪತ್ರ ಸಿಗಲಿಲ್ಲ. ಅದಿಲ್ಲದೆ ಅವಳ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಂತಿರಲಿಲ್ಲ, ಮಕ್ಕಳ ಭತ್ಯೆಯ ಅರ್ಜಿಯೂ ಮುಂದಕ್ಕೆ ಹೋಗಲಿಲ್ಲ. ಆದ್ದರಿಂದ ನಮ್ಮ ಮೂರು ಜಿಲ್ಲೆಗಳ ಯಾರೇ ಹೊರಟರೂ ಆ ಎರಡು ಅಧಿಸೂಚನೆಗಳ ಪ್ರತಿಗಳಲ್ಲಿ ತಮಗೆ ಬೇಕಾದದ್ದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹಳೆಯ ಪ್ರಮಾಣಪತ್ರಗಳಲ್ಲಿ ಬೆಳಗಾವಿಯ ಕಾಗುಣಿತ ಒಂದು ರೀತಿ, ಹೊಸದರಲ್ಲಿ ಇನ್ನೊಂದು ರೀತಿ ಇರುವುದಕ್ಕೂ ಇದೇ ಉತ್ತರವಾಗುತ್ತದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಹುಟ್ಟಿದವರ ಕಷ್ಟ ಇದಕ್ಕಿಂತ ಒಂದು ತೂಕ ಹೆಚ್ಚು: ಅವರ ಜನ್ಮಸ್ಥಳ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ, ಪುನರ್ವಸತಿ ಕೇಂದ್ರಕ್ಕೆ ಅದೇ ಹೆಸರಿದ್ದರೂ ಅದಿರುವ ಜಾಗ ಬೇರೆ. ಅಂಥವರು ತಹಶೀಲ್ದಾರರಿಂದ ಆ ಬಗ್ಗೆ ಒಂದು ಪತ್ರವನ್ನು ಇಂಗ್ಲಿಷಿನಲ್ಲಿ ಪಡೆದಿಟ್ಟುಕೊಂಡರೆ ಒಳಿತು.

ಮದುವೆಯಾದವರು ಉಪನೋಂದಣಾಧಿಕಾರಿಗಳ ಕಚೇರಿಯ ವಿವಾಹ ನೋಂದಣಿ ಪ್ರಮಾಣಪತ್ರವನ್ನು ತೆಗೆದುಕೊಂಡೇ ಹೋಗಬೇಕು. ಮಠದಲ್ಲಿ ಕೊಟ್ಟ ಪತ್ರ, ಲಗ್ನಪತ್ರಿಕೆ, ಫೋಟೋ ಆಲ್ಬಮ್ ಇವುಗಳಲ್ಲಿ ಯಾವುದೂ ಅದರ ಜಾಗದಲ್ಲಿ ನಿಲ್ಲುವುದಿಲ್ಲ. ಗಡಿಭಾಗದ ಕೆಲವು ಮನೆತನಗಳಲ್ಲಿ ಮದುವೆಯಲ್ಲಿ ಸೊಸೆಯ ಹೆಸರನ್ನೇ ಬದಲಿಸುವ ಪದ್ಧತಿ ಇದೆ. ತವರಿನ ಹೆಸರಿನ ದಾಖಲೆಗಳು, ಗಂಡನ ಮನೆಯ ಹೆಸರಿನ ಆಧಾರ್, ಇವುಗಳ ನಡುವೆ ಪಾಸ್‌ಪೋರ್ಟ್ ಯಾವ ಕಡೆ ಇದೆ ಎಂಬುದನ್ನು ವೀಸಾ ಅರ್ಜಿಗೆ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ವಿದ್ಯಾರ್ಥಿಗಳು ವೀಸಾಕ್ಕಾಗಿ ಮಾಡಬೇಕಾದದ್ದು ಬಹುತೇಕ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳಿಗೆ, ಓದಿನ ದಾಖಲೆಗಳನ್ನು ಪರಿಶೀಲಿಸುವ ದೆಹಲಿಯ ಎಪಿಎಸ್ ಸಂಸ್ಥೆಯ ಪ್ರಮಾಣಪತ್ರ ಕಡ್ಡಾಯವಾಗಿದೆ. ಅಲ್ಲಿಯ ಖರ್ಚಿಗೆಂದು ಮುಂಚಿತವಾಗಿ ಹಣ ಕಟ್ಟಿ, ತಿಂಗಳಿಗೆ ಇಷ್ಟೆಂದು ಮಾತ್ರ ತೆಗೆಯಬಹುದಾದ ನಿರ್ಬಂಧಿತ ಖಾತೆಯಲ್ಲಿ ಇಡಬೇಕಾದ ಮೊತ್ತವನ್ನು 2024ರಲ್ಲಿ ವರ್ಷಕ್ಕೆ 11,904 ಯೂರೋಗೆ, ಅಂದರೆ ತಿಂಗಳಿಗೆ 992ಕ್ಕೆ ಏರಿಸಲಾಯಿತು. ಈ ಅಂಕಿ ಆಗಾಗ ಏರುವುದರಿಂದ ಅರ್ಜಿಯ ದಿನದ ಮೊತ್ತವನ್ನು ನೋಡಿಯೇ ಹಣ ಕಟ್ಟಬೇಕು. ಕರ್ನಾಟಕದವರ ಅರ್ಜಿಗಳು ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತವೆ.

ಮೊದಲ ಎರಡು ವಾರ

ಜರ್ಮನಿಯಲ್ಲಿ ಇಳಿದವರ ಮೊದಲ ಸರ್ಕಾರಿ ಕೆಲಸ ಆನ್‌ಮೆಲ್ಡುಂಗ್, ಅಂದರೆ ವಾಸಸ್ಥಳದ ನೋಂದಣಿ. ಮನೆಗೆ ಹೊಕ್ಕ ಎರಡು ವಾರದೊಳಗೆ ಇದನ್ನು ಊರಿನ ನಾಗರಿಕ ಕಚೇರಿಯಲ್ಲಿ ಮಾಡಿಸಬೇಕು, ಇದಕ್ಕೆ ಶುಲ್ಕವಿಲ್ಲ. ಎರಡು ವಾರದೊಳಗೆ ಟೆರ್ಮೀನ್ ಸಿಗದಿದ್ದರೆ ಗಾಬರಿಯಾಗಬೇಕಿಲ್ಲ. ಅವಧಿಯೊಳಗೆ ಸಮಯ ಕಾಯ್ದಿರಿಸಿದ್ದಕ್ಕೆ ಬಂದ ಮಿಂಚಂಚೆಯನ್ನು ಮುದ್ರಿಸಿ ಇಟ್ಟುಕೊಳ್ಳಿ. ಜೊತೆಗೆ ಒಯ್ಯಬೇಕಾದವು ಪಾಸ್‌ಪೋರ್ಟ್, ಅರ್ಜಿ ಮತ್ತು ಮನೆಯ ಮಾಲೀಕರು ಸಹಿ ಮಾಡಿಕೊಡುವ, ಇಂಥವರು ಇಂಥ ದಿನದಿಂದ ಇಲ್ಲಿ ವಾಸವಾಗಿದ್ದಾರೆ ಎಂಬ ಪತ್ರ. ಈ ಮೂರನೆಯದೇ ಎಲ್ಲರನ್ನೂ ಕಾಡುವಂಥದ್ದು. ಬಾಡಿಗೆ ಕರಾರು ಇದರ ಬದಲಿಗೆ ನಡೆಯುವುದಿಲ್ಲ. “ಮನೆ ಕೊಡುತ್ತೇನೆ, ನೋಂದಣಿ ಮಾತ್ರ ಮಾಡಿಸಬೇಡಿ” ಎನ್ನುವ ಮಾಲೀಕರು ಅಲ್ಲಿಯೂ ಇದ್ದಾರೆ. ಬಾಡಿಗೆ ಎಷ್ಟೇ ಅಗ್ಗವಾಗಿದ್ದರೂ ಆ ಮನೆ ಬೇಡ. ಏಕೆಂದರೆ ನೋಂದಣಿಯಿಂದ ತೆರಿಗೆ ಸಂಖ್ಯೆ, ಅದರಿಂದ ಸರಿಯಾದ ಸಂಬಳ, ನೋಂದಣಿಯ ವಿಳಾಸದ ಮೇಲೆಯೇ ವಿದೇಶಿಯರ ಕಚೇರಿಯ ವ್ಯಾಪ್ತಿ ಎಂದು ಒಂದರ ಬಾಲಕ್ಕೆ ಒಂದು ಕಟ್ಟಿಕೊಂಡಿದೆ.

ನೋಂದಣಿಯ ಅರ್ಜಿಯಲ್ಲಿ ಧರ್ಮವನ್ನೂ ಕೇಳುತ್ತಾರೆ. ನಮ್ಮಲ್ಲಿ ಜಾತಿ ಪ್ರಮಾಣಪತ್ರದ ಅಭ್ಯಾಸವಿರುವ ಕೆಲವರು ಇದನ್ನು ಬಹಳ ಯೋಚಿಸಿ ತುಂಬುತ್ತಾರೆ, ಆದರೆ ಅಲ್ಲಿ ಈ ಪ್ರಶ್ನೆ ಇರುವುದು ಚರ್ಚ್ ತೆರಿಗೆಗಾಗಿ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟಂಟ್ ಸಭೆಗೆ ಸೇರಿದವರಿಂದ ಆದಾಯ ತೆರಿಗೆಯ ಶೇ. 8 ಅಥವಾ 9ರಷ್ಟನ್ನು, ರಾಜ್ಯಕ್ಕೆ ತಕ್ಕಂತೆ, ಹೆಚ್ಚಾಗಿ ಹಿಡಿಯಲಾಗುತ್ತದೆ. ಲಿಂಗಾಯತರಿಗೂ ಮುಸ್ಲಿಮರಿಗೂ ಜೈನರಿಗೂ ಈ ತೆರಿಗೆ ಇಲ್ಲ. ಬೆಳಗಾವಿಯ ಕ್ರೈಸ್ತ ಕುಟುಂಬದವರು ಮಾತ್ರ ಈ ಲೆಕ್ಕವನ್ನು ತಿಳಿದುಕೊಂಡು ಉತ್ತರ ಬರೆಯಬೇಕು.

ಇನ್ನು ಅಂಚೆಪೆಟ್ಟಿಗೆ. ಇದು ಕಚೇರಿಯ ವಿಷಯವೇ ಅಲ್ಲ ಎಂದು ಅನಿಸಬಹುದು, ನನಗೂ ಹಾಗೇ ಅನಿಸಿತ್ತು. ಹನ್ನೊಂದು ಅಂಕಿಗಳ ತೆರಿಗೆ ಗುರುತಿನ ಸಂಖ್ಯೆ ನೋಂದಣಿಯಾದ ಕೆಲವು ವಾರಗಳಲ್ಲಿ ಅಂಚೆಯಲ್ಲಿ ಬರುತ್ತದೆ. ಅದು ಬಾರದೆ ನಾನು ಎರಡು ತಿಂಗಳು ಕಾದೆ. ಅಲ್ಲಿಯವರೆಗೆ ನನ್ನ ಅರೆಕಾಲಿಕ ಕೆಲಸದ ಸಂಬಳದಲ್ಲಿ ಅತಿ ಹೆಚ್ಚು ತೆರಿಗೆ ಹಿಡಿಯುವ ಆರನೆಯ ವರ್ಗದ ಪ್ರಕಾರ ಕಡಿತವಾಗುತ್ತಿತ್ತು. ಕೊನೆಗೆ ವಿಚಾರಿಸಿದಾಗ ಪತ್ರ ತಲುಪದೆ ಹಿಂದಿರುಗಿದೆ ಎಂದು ತಿಳಿಯಿತು. ಮನೆಯ ಸಂಖ್ಯೆ ಸರಿ, ಬೀದಿ ಸರಿ. ಆದರೆ ಅಲ್ಲಿಯ ಕಟ್ಟಡಗಳಲ್ಲಿ ಒಳಮನೆಗಳಿಗೆ ಸಾಮಾನ್ಯವಾಗಿ ಸಂಖ್ಯೆಯೇ ಇರುವುದಿಲ್ಲ. ಅಂಚೆಯವನು ಕೆಳಗೆ ಸಾಲಾಗಿರುವ ಪೆಟ್ಟಿಗೆಗಳ ಮೇಲಿನ ಅಡ್ಡಹೆಸರನ್ನು ಓದಿ ಪತ್ರ ಹಾಕುತ್ತಾನೆ, ಹೆಸರಿಲ್ಲದಿದ್ದರೆ ವಾಪಸು ಒಯ್ಯುತ್ತಾನೆ. ನಮ್ಮ ಓಣಿಯಲ್ಲಾದರೆ ಅರ್ಧ ವಿಳಾಸ ಬರೆದರೂ ನಾಲ್ಕು ಜನರನ್ನು ಕೇಳಿಕೊಂಡು ಬಾಗಿಲಿಗೆ ತಂದುಕೊಡುತ್ತಾರೆ. ಅಂದು ಸಂಜೆ ನೋಟ್‌ಬುಕ್ಕಿನ ಹಾಳೆ ಹರಿದು, ಅಡ್ಡಹೆಸರು ಬರೆದು ಟೇಪಿನಿಂದ ಅಂಟಿಸಿದೆ; ಎರಡು ದಿನದ ಮಳೆಗೆ ಶಾಯಿ ಹರಡಿ ಏನೂ ಉಳಿಯಲಿಲ್ಲ. ಮುದ್ರಿಸಿದ ಚೀಟಿಯನ್ನು, ಪಾಸ್‌ಪೋರ್ಟಿನಲ್ಲಿರುವ ಕಾಗುಣಿತದಲ್ಲಿಯೇ, ಮನೆಗೆ ಹೊಕ್ಕ ದಿನವೇ ಪೆಟ್ಟಿಗೆಗೂ ಕರೆಗಂಟೆಗೂ ಹಾಕಿಸಿ.

ಅದೇ ಪೆಟ್ಟಿಗೆಗೆ ಬರುವ ಮೊದಲ ಪತ್ರಗಳಲ್ಲಿ ಒಂದು ರೇಡಿಯೋ ಮತ್ತು ದೂರದರ್ಶನ ಪ್ರಸಾರದ ಶುಲ್ಕದ್ದಾಗಿರುತ್ತದೆ. ಮನೆಯಲ್ಲಿ ಟಿವಿ ಇಲ್ಲ ಎಂದು ಅದನ್ನು ಕಸದ ಬುಟ್ಟಿಗೆ ಎಸೆಯುವವರೇ ಹೆಚ್ಚು. ಟಿವಿ ಇರಲಿ ಬಿಡಲಿ, ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ಕಟ್ಟಲೇಬೇಕು. ಹಲವರು ಕೂಡಿ ಇರುವ ಮನೆಗೆ ಒಂದೇ ಶುಲ್ಕವಾದ್ದರಿಂದ, ಜೊತೆಗಾರರಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ಸಂಖ್ಯೆಯನ್ನು ತಿಳಿಸಿದರೆ ಸಾಕು.

ವಿದೇಶಿಯರ ಕಚೇರಿ

ಓದಲು ಹೋಗುವವರಿಗೆ ಪ್ರವೇಶ ವೀಸಾ ಸಾಮಾನ್ಯವಾಗಿ ಕೆಲವು ತಿಂಗಳುಗಳಿಗೆ ಮಾತ್ರ ಸಿಗುತ್ತದೆ. ಅದರ ನಂತರದ ನಿವಾಸ ಪರವಾನಗಿಯನ್ನು ಅಲ್ಲಿಯ ವಿದೇಶಿಯರ ಕಚೇರಿ ಕೊಡುತ್ತದೆ. ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ: ಈಗಿರುವ ವೀಸಾ ಮುಗಿಯುವ ಮೊದಲು ಅರ್ಜಿ ಅವರಿಗೆ ಮುಟ್ಟಿರಬೇಕು. ಟೆರ್ಮೀನ್ ಯಾವಾಗ ಸಿಕ್ಕಿತು ಎಂಬುದಕ್ಕಿಂತ ಅರ್ಜಿ ಯಾವಾಗ ಸೇರಿತು ಎಂಬುದು ಮುಖ್ಯ. ಅವಧಿಯೊಳಗೆ ಅರ್ಜಿ ಹಾಕಿದ್ದರೆ, ನಿರ್ಧಾರವಾಗುವವರೆಗೆ ಹಳೆಯ ವೀಸಾ ಜಾರಿಯಲ್ಲಿದೆ ಎಂದೇ ಕಾನೂನು ಭಾವಿಸುತ್ತದೆ. ಒಂದು ದಿನ ತಡವಾದರೂ ಆ ರಕ್ಷಣೆ ತಾನಾಗಿ ದೊರೆಯುವುದಿಲ್ಲ. ನಾನು ಮೂರು ತಿಂಗಳು ಮುಂಚಿತವಾಗಿ ಅರ್ಜಿ ಹಾಕಿದ್ದೆ. ನಾನಿದ್ದ ಊರಿನ ಕಚೇರಿ ಆರನೆಯ ತಿಂಗಳಿಗೆ ಉತ್ತರ ಕೊಟ್ಟಿತು. ಆ ನಡುವೆ ನನ್ನನ್ನು ಕಾಪಾಡಿದ್ದು ಅರ್ಜಿ ಸೇರಿದ ದಿನಾಂಕವಿದ್ದ ಒಂದು ಸಾಲಿನ ಮಿಂಚಂಚೆ.

ಹೀಗೆ ಕಾಯುವವರಿಗೆ ಫಿಕ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ಮಡಿಕೆ ಕಾಗದವನ್ನು ಕೊಡುತ್ತಾರೆ. ಪರವಾನಗಿ ಇದೆಯೆಂದು ‘ಕಲ್ಪಿಸಿಕೊಳ್ಳುವ’ ಪ್ರಮಾಣಪತ್ರ ಎಂದು ಅದರ ಅರ್ಥ. ಅದರೊಳಗೆ ಜರ್ಮನಿಯ ನಿವಾಸ ಕಾನೂನಿನ 81ನೆಯ ಕಲಮಿನ ಯಾವ ಉಪಕಲಮಿಗೆ ಗುರುತು ಹಾಕಿದ್ದಾರೆ ಎಂಬುದನ್ನು ಅಲ್ಲಿಯೇ ನಿಂತು ನೋಡಿಕೊಳ್ಳಿ. ನಾಲ್ಕನೆಯದಕ್ಕೆ ಗುರುತಿದ್ದರೆ ಊರಿಗೆ ಬಂದು ಮರಳಿ ಹೋಗಬಹುದು. ಮೂರನೆಯದಕ್ಕಿದ್ದರೆ ಜರ್ಮನಿಯಲ್ಲಿ ಇರಲು ಅಡ್ಡಿಯಿಲ್ಲ, ಹೊರಗೆ ಹೋದರೆ ಆ ಕಾಗದದ ಮೇಲೆ ಮತ್ತೆ ಒಳಗೆ ಬರುವಂತಿಲ್ಲ. ತಂಗಿಯ ಮದುವೆಗೆಂದು ಬಂದು ಇಲ್ಲಿ ಸಿಕ್ಕಿಹಾಕಿಕೊಂಡವರು ನನಗೆ ಗೊತ್ತು.

ಫೋಟೋ ವಿಷಯದಲ್ಲಿ ಒಂದು ಹೊಸ ಸಂಗತಿ ಇದೆ. ವೀಸಾ ಅರ್ಜಿಗೆಂದು ಇಲ್ಲಿಯ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋಗಳಲ್ಲಿ ಉಳಿದವನ್ನು ಅಲ್ಲಿ ಕೊಡೋಣ ಎಂದುಕೊಳ್ಳಬೇಡಿ. 2025ರ ಮೇ 1ರಿಂದ ಪರವಾನಗಿಯ ಕಾರ್ಡಿಗೆ ಡಿಜಿಟಲ್ ಫೋಟೋವನ್ನೇ ತೆಗೆದುಕೊಳ್ಳಬೇಕೆಂಬ ನಿಯಮ ಬಂದಿದೆ. ಅದನ್ನು ಅಲ್ಲಿಯ ಮಾನ್ಯತೆ ಪಡೆದ ಸ್ಟುಡಿಯೋದಲ್ಲಿ ಅಥವಾ ಕಚೇರಿಯಲ್ಲಿರುವ ಯಂತ್ರದಲ್ಲಿ ತೆಗೆಸಬೇಕು.

ಪತ್ರ ಬಂದಾಗ

ಕಚೇರಿಯಿಂದ ಬರುವ ಪ್ರತಿ ಪತ್ರದ ಮೇಲ್ಭಾಗದಲ್ಲಿ ಕಡತದ ಸಂಖ್ಯೆ ಇರುತ್ತದೆ. ನಮ್ಮ ಸಕಾಲದ ಜಿಎಸ್‌ಸಿ ಸಂಖ್ಯೆಯಂತೆ ಇದನ್ನು ನಿಮ್ಮ ಪ್ರತಿ ಉತ್ತರದ ಮೊದಲ ಸಾಲಿನಲ್ಲಿಯೇ ಬರೆಯಬೇಕು. ಇಲ್ಲವಾದರೆ ನಿಮ್ಮ ಪತ್ರ ಯಾರ ಮೇಜಿಗೂ ಸೇರದೆ ಅಲೆಯುತ್ತದೆ. ಅನಂತರ ಕೊಟ್ಟಿರುವ ಗಡುವನ್ನು ಹುಡುಕಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕೇಳಿದ ನಾಲ್ಕು ಕಾಗದಗಳಲ್ಲಿ ಮೂರೇ ಸಿದ್ಧವಾಗಿದ್ದರೆ ನಾಲ್ಕನೆಯದಕ್ಕಾಗಿ ಕಾಯುತ್ತ ಗಡುವು ಮೀರಿಸಬಾರದು. ಮೂರನ್ನು ಕಳುಹಿಸಿ, ನಾಲ್ಕನೆಯದು ಬೆಳಗಾವಿಯಿಂದ ಬರಬೇಕಾಗಿದೆ, ಇಂಥ ದಿನದವರೆಗೆ ಸಮಯ ಬೇಕು ಎಂದು ಬರೆದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಬರೆಯದೆ ಸುಮ್ಮನಿದ್ದರೆ ಮಾತ್ರ ಅರ್ಜಿಯನ್ನು ತಳ್ಳಿಹಾಕುತ್ತಾರೆ. ಮೂಲಪ್ರತಿಯನ್ನು ಅಂಚೆಯಲ್ಲಿ ಎಂದಿಗೂ ಕಳುಹಿಸಬೇಡಿ, ಟೆರ್ಮೀನ್‌ಗೆ ಹೋದಾಗ ತೋರಿಸಿ ತನ್ನಿ.

ಅರ್ಜಿ ತಿರಸ್ಕಾರವಾದರೆ ಆ ಪತ್ರದ ಕೊನೆಯ ಪುಟವನ್ನು ಓದಿ. ಯಾರಿಗೆ, ಎಷ್ಟು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂದು ಅಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಒಂದು ತಿಂಗಳು. ಮೂರು ತಿಂಗಳು ಕಳೆದರೂ ಸಕಾರಣವಿಲ್ಲದೆ ಯಾವ ನಿರ್ಧಾರವೂ ಆಗದಿದ್ದರೆ ಆಡಳಿತ ನ್ಯಾಯಾಲಯಕ್ಕೆ ಹೋಗುವ ಅವಕಾಶವಿದೆ. ಪರದೇಶದವರು ಕೋರ್ಟಿಗೆ ಹೋದರೆ ಮುಂದೆ ತೊಂದರೆ ಕೊಡುತ್ತಾರೆಂದು ನಮ್ಮವರು ಅಂಜುತ್ತಾರೆ, ನನಗೆ ಆ ಅಂಜಿಕೆಯಲ್ಲಿ ಹುರುಳು ಕಂಡಿಲ್ಲ; ಎಷ್ಟೋ ಸಲ ವಕೀಲರ ಒಂದು ಪತ್ರ ಹೋದ ಮೇಲೆಯೇ ಕಡತ ಅಲುಗಾಡುವುದನ್ನು ನೋಡಿದ್ದೇನೆ. ಆದರೆ ಅದಕ್ಕೂ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ವಿಭಾಗವನ್ನು ಕಾಣಬೇಕು. ಅವರ ಬಳಿ ಕಚೇರಿಯ ನೇರ ದೂರವಾಣಿ ಸಂಖ್ಯೆ ಇರುತ್ತದೆ, ಮತ್ತು ಗುರುತಿನವರ ಫೋನಿಗೆ ತಕ್ಕಮಟ್ಟಿಗೆ ಸಮನಾದದ್ದು ಆ ದೇಶದಲ್ಲಿ ಇದೊಂದೇ ಎಂದು ನನ್ನ ಅನುಭವ.

ಓದು ಅಥವಾ ಕೆಲಸ ಮುಗಿಸಿ ಜರ್ಮನಿಯನ್ನು ಪೂರ್ತಿಯಾಗಿ ಬಿಡುವಾಗ ಮತ್ತೊಂದು ನೋಂದಣಿ ಬಾಕಿ ಇರುತ್ತದೆ. ಹೊರಡುವುದಕ್ಕೆ ಒಂದು ವಾರ ಮೊದಲಿನಿಂದ ಹೊರಟ ಎರಡು ವಾರದವರೆಗಿನ ಅವಧಿಯಲ್ಲಿ ವಾಸಸ್ಥಳದ ನೋಂದಣಿಯನ್ನು ರದ್ದು ಮಾಡಿಸಬೇಕು. ಇದನ್ನು ಮಾಡದೆ ವಿಮಾನ ಹತ್ತಿದರೆ ಪ್ರಸಾರ ಶುಲ್ಕದ ಲೆಕ್ಕ ಖಾಲಿ ಮನೆಯ ಹೆಸರಿನಲ್ಲಿ ಓಡುತ್ತಲೇ ಇರುತ್ತದೆ, ಆರೋಗ್ಯ ವಿಮೆಯವರೂ ಕಂತು ಕೇಳುತ್ತಾರೆ. ರದ್ದಾದದ್ದಕ್ಕೆ ಅವರು ಕೊಡುವ ಒಂದು ಪುಟದ ಪತ್ರವನ್ನು ಸ್ಕ್ಯಾನ್ ಮಾಡಿ, ಮೂಲವನ್ನು ಉತಾರಿ ಮತ್ತು ಶಾಲೆ ಬಿಟ್ಟ ದಾಖಲೆಗಳಿರುವ ಮನೆಯ ಟ್ರಂಕಿನಲ್ಲಿಯೇ ಇಡಿ. ಶುಲ್ಕ, ವಿಮೆ, ಬ್ಯಾಂಕ್ ಖಾತೆ ಎಲ್ಲವನ್ನೂ ಜಮಖಂಡಿಯಲ್ಲಿ ಕುಳಿತು ಮುಚ್ಚುವಾಗ ಒಬ್ಬೊಬ್ಬರೂ ಅದರ ಪ್ರತಿಯನ್ನು ಕೇಳುತ್ತಾರೆ.